ಕೀಲೆಣ್ಣೆಯ ಕಥೆ

‘ಸ್ನೇಹ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಗೆಳೆತನ ಎಂಬುದು ಎಲ್ಲರೂ ಬಲ್ಲ ಅರ್ಥ. ಎಣ್ಣೆ, ಜಿಡ್ಡು ಎಂಬುದು ನಿಘಂಟುಗಳೂ ವೈದ್ಯಗ್ರಂಥಗಳೂ ಹೇಳುವ ಅರ್ಥ. ಆಯುರ್ವೇದದಲ್ಲಿ ತುಪ್ಪ ತೈಲಗಳನ್ನು ಕುಡಿಸಿ, ಮೈಗೆ ಹಚ್ಚಿ ಮಾಡುವ ಚಿಕಿತ್ಸೆಗೆ ಸ್ನೇಹನವೆಂದೇ ಹೆಸರು. ಈ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿ ಕೂಡಿಸಿದ ಹಿರಿಯರು ಇಂದಿನ ಯಂತ್ರಗಳನ್ನು ಕಂಡವರಲ್ಲ. ಆದರೂ ಒರಟಾದ ಎರಡು ಮೈಗಳ ನಡುವೆ ನಿಂತು, ತಾನು ಕೆಟ್ಟರೂ ಅವೆರಡನ್ನೂ ಸವೆಯಗೊಡದೆ ಕಾಯುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ಕಷ್ಟ.

ಈ ಸ್ನೇಹದ ಆಯ್ಕೆ ಮನುಷ್ಯನಿಗೆ ಸುಲಭವಾಗಿ ಒಲಿದ ವಿದ್ಯೆಯಲ್ಲ. ಯಾವ ಕೀಲಿಗೆ ಯಾವ ಎಣ್ಣೆ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಸಾವಿರಾರು ವರ್ಷಗಳ ಕಾಲ ಬೆರಳ ತುದಿಯೇ ಉತ್ತರವಾಗಿದ್ದಿತು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ತೊಟ್ಟನ್ನು ಉಜ್ಜಿ ನೋಡುವುದು, ಮೂಸುವುದು, ಬೆಳಕಿಗೆ ಹಿಡಿದು ಬಣ್ಣ ನೋಡುವುದು, ಇಷ್ಟೇ ಪರೀಕ್ಷೆ. ಬೆರಳು ಹೇಳಿದ್ದರಲ್ಲಿ ನಿಜವೆಷ್ಟು, ಭ್ರಮೆಯೆಷ್ಟು ಎಂಬುದು ಸ್ಪಷ್ಟವಾದುದು ಕಳೆದ ಒಂದೂವರೆ ಶತಮಾನದಲ್ಲಿ. ಆ ತಿಳಿವಳಿಕೆಗಾಗಿ ತೆತ್ತ ಬೆಲೆಯೂ ಸಣ್ಣದಲ್ಲ.

ಎಣ್ಣೆಯ ಹೆಸರುಗಳನ್ನೇ ಮೊದಲು ನೋಡೋಣ. ನಮ್ಮ ‘ಎಣ್ಣೆ’ ಎಳ್ಳಿನ ನೆಯ್, ಎಂದರೆ ಎಳ್ಳಿನ ತುಪ್ಪ. ಸಂಸ್ಕೃತದ ‘ತೈಲ’ವೂ ತಿಲದಿಂದ ಬಂದುದೇ. ಇಂಗ್ಲಿಷಿನ ‘ಆಯಿಲ್’ ಎಂಬ ಮಾತು ಆಲಿವ್ ಮರದ ಹೆಸರಿಗೆ ಸಂಬಂಧಪಟ್ಟದ್ದು. ಯಾವ ನಾಡಿನಲ್ಲಿ ಯಾವ ಬೀಜ ಹೇರಳವೋ ಅದರ ರಸವೇ ಆ ನಾಡಿಗೆ ಎಣ್ಣೆ. ಅಡಿಗೆಗೂ ಅದೇ, ದೀಪಕ್ಕೂ ಅದೇ, ತಲೆಗೂ ಅದೇ. ಆದರೆ ಗಾಡಿಯ ಅಚ್ಚಿಗೆ ಬಂದಾಗ ನಮ್ಮ ರೈತ ಎಳ್ಳೆಣ್ಣೆಯನ್ನು ಬಿಟ್ಟು ಹರಳೆಣ್ಣೆಯನ್ನು ಆರಿಸಿಕೊಂಡ. ರಾಗಿ ಹೊಲದ ಸಾಲುಗಳಲ್ಲಿ ಬೆಳೆದ ಹರಳನ್ನು, ಉತ್ತರದ ಜಿಲ್ಲೆಗಳಲ್ಲಿ ಔಡಲವೆನ್ನುವುದನ್ನು, ಮನೆಯಲ್ಲಿಯೇ ಕುದಿಸಿಯೋ ಗಾಣಕ್ಕೆ ಹಾಕಿಯೋ ಎಣ್ಣೆ ತೆಗೆದು, ಹಲವೆಡೆ ಅದಕ್ಕೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕುತ್ತಿದ್ದ. ಇದೇ ಕೀಲೆಣ್ಣೆ. ಹರಳೆಣ್ಣೆ ಮಂದ, ಬಿಸಿಲಿಗೆ ಬೇಗ ಸೋರಿಹೋಗದು, ಲೋಹಕ್ಕೆ ಬಲವಾಗಿ ಅಂಟಿಕೊಳ್ಳುವುದು. ಕಾರಣ ತಿಳಿಯದಿದ್ದರೂ ಆಯ್ಕೆ ಸರಿಯಾಗಿಯೇ ಇದ್ದಿತು.

ಎಷ್ಟು ಹಾಕಬೇಕೆಂಬ ಲೆಕ್ಕವೂ ಹಳೆಯದೇ. ಈಜಿಪ್ಟಿನಲ್ಲಿ ಕ್ರಿ. ಪೂ. 1900ರ ಸುಮಾರಿನಲ್ಲಿದ್ದ ಜೆಹುತಿಹೊತೆಪ್ ಎಂಬ ಅಧಿಕಾರಿಯ ಗೋರಿಯಲ್ಲಿ ಒಂದು ಚಿತ್ರವಿದ್ದಿತು. ಸಾಲುಸಾಲಾಗಿ ನಿಂತ 172 ಮಂದಿ ಆಳುಗಳು ಒಂದು ಮಹಾಪ್ರತಿಮೆಯನ್ನು ಮರದ ಜಾರುಬಂಡಿಯ ಮೇಲಿಟ್ಟು ಎಳೆಯುತ್ತಿದ್ದಾರೆ. ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬನು ಮರಳಿಗೆ ನೀರು ಹೊಯ್ಯುತ್ತಿದ್ದಾನೆ. ಇದು ಪೂಜಾವಿಧಿಯಿರಬೇಕೆಂದು ಬಹುಕಾಲ ಹಲವರು ಭಾವಿಸಿದ್ದರು. 2014ರಲ್ಲಿ ಆಂಸ್ಟರ್‌ಡ್ಯಾಮಿನ ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದಾಗ, ಹದವಾಗಿ ನೆನೆದ ಮರಳಿನ ಮೇಲೆ ಎಳೆಯಲು ಬೇಕಾಗುವ ಶಕ್ತಿ ಒಣಮರಳಿನ ಮೇಲೆ ಬೇಕಾಗುವುದರ ಅರ್ಧದಷ್ಟು ಎಂದು ಕಂಡುಬಂದಿತು. ನೀರು ಕಡಿಮೆಯಾದರೂ ಫಲವಿಲ್ಲ, ಹೆಚ್ಚಾದರೂ ಫಲವಿಲ್ಲ. ಹದವೇ ಮುಖ್ಯ. ಇತ್ತ ರೋಮಿನ ಕೇಟೋ ಎಂಬ ಹಿರಿಯನು ಕ್ರಿ. ಪೂ. ಎರಡನೆಯ ಶತಮಾನದ ತನ್ನ ಕೃಷಿಗ್ರಂಥದಲ್ಲಿ, ಆಲಿವ್ ಎಣ್ಣೆ ತೆಗೆದಾದ ಮೇಲೆ ಉಳಿಯುವ ಗಸಿಯನ್ನು ಕುದಿಸಿ ಗಾಡಿಯ ಅಚ್ಚಿಗೆ ಬಳಿಯಬೇಕೆಂದು ಹೇಳುತ್ತಾನೆ. ಊಟಕ್ಕೆ ಆಗದ್ದು ಅಚ್ಚಿಗೆ ಆಯಿತು ಎಂಬ ಜಾಣತನ ಎಲ್ಲ ನಾಡಿನ ಬೇಸಾಯಗಾರರಿಗೂ ಸಮಾನವೆಂದು ತೋರುತ್ತದೆ.

ಗಾಡಿಯ ಕೀಲು ತಪ್ಪನ್ನು ಕ್ಷಮಿಸುತ್ತದೆ, ಕಿರುಗುಟ್ಟಿ ಎಚ್ಚರಿಸುತ್ತದೆ. ಗಡಿಯಾರ ಹಾಗಲ್ಲ. ಹದಿನೆಂಟನೆಯ ಶತಮಾನದಲ್ಲಿ ಗಡಿಯಾರಗಳಿಗೆ ಹಾಕುತ್ತಿದ್ದ ಪ್ರಾಣಿಜನ್ಯ, ಸಸ್ಯಜನ್ಯ ಎಣ್ಣೆಗಳು ಕೆಲವು ತಿಂಗಳುಗಳಲ್ಲಿಯೇ ಅಂಟಾಗಿ, ಚಳಿಯಲ್ಲಿ ಗಟ್ಟಿಯಾಗಿ, ಕಾಲವನ್ನೇ ತಪ್ಪಿಸುತ್ತಿದ್ದುವು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬ ಬಡಗಿ ಇದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದುದು: ಎಣ್ಣೆಯೇ ಬೇಡದ ಗಡಿಯಾರ. 1720ರ ದಶಕದ ಆರಂಭದಲ್ಲಿ ಲಿಂಕನ್‌ಶೈರಿನ ಬ್ರಾಕಲ್ಸ್‌ಬಿ ಪಾರ್ಕಿಗಾಗಿ ಅವನು ಕಟ್ಟಿದ ಮರದ ಗಡಿಯಾರದಲ್ಲಿ, ತಿರುಗುವ ಕಡೆಗಳಿಗೆ ಲಿಗ್ನಂ ವಿಟೇ ಎಂಬ ಮರವನ್ನು ಬಳಸಿದನು. ಆ ಮರದೊಳಗೆಯೇ ಸಹಜವಾದ ಜಿಡ್ಡಿದೆ. ಮುಂದೆ ಸಮುದ್ರಯಾನಕ್ಕೆಂದು 1735ರಲ್ಲಿ ಪೂರೈಸಿದ ಅವನ ಮೊದಲ ದೊಡ್ಡ ಗಡಿಯಾರಕ್ಕೂ ಎಣ್ಣೆ ಬೇಕಾಗಿರಲಿಲ್ಲ. ಸಮುದ್ರದ ಮಧ್ಯದಲ್ಲಿ ವೇಳೆ ತಪ್ಪಿದರೆ ಹಡಗು ಎಲ್ಲಿದೆಯೆಂಬುದೇ ತಪ್ಪುತ್ತದೆ. ನೂರಾರು ಮಂದಿಯ ಪ್ರಾಣ ಹೋಗುತ್ತದೆ. ಒಳ್ಳೆಯ ಎಣ್ಣೆ ಸಿಗದಿರುವಾಗ ಕೆಟ್ಟ ಎಣ್ಣೆಯನ್ನು ನಂಬದಿರುವುದೂ ಒಂದು ಆಯ್ಕೆಯೇ ಎಂಬುದನ್ನು ಹ್ಯಾರಿಸನ್ ತೋರಿಸಿಕೊಟ್ಟನು.

ಎಲ್ಲರೂ ಹ್ಯಾರಿಸನ್ನನಂತೆ ಎಣ್ಣೆಯನ್ನು ಬಿಟ್ಟುಬಿಡುವುದು ಸಾಧ್ಯವಿರಲಿಲ್ಲ. ಸೂಕ್ಷ್ಮಯಂತ್ರಗಳಿಗೆ ಒಪ್ಪುವ ಎಣ್ಣೆಯನ್ನು ಹುಡುಕುತ್ತ ಮನುಷ್ಯ ಸಮುದ್ರಕ್ಕೇ ಇಳಿದನು. ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿ ದೊರೆಯುವ ಎಣ್ಣೆ ಚಳಿಗೆ ಬೇಗ ಗಟ್ಟಿಯಾಗದು, ಅಂಟಾಗದು. ನೂಲಿನ ಗಿರಣಿಯ ವೇಗದ ಕದಿರುಗಳಿಗೆ ಅದು ಹೇಳಿಮಾಡಿಸಿದಂತಿದ್ದಿತು. ಕೈಗಡಿಯಾರಗಳಿಗೆ ಇನ್ನೂ ನಯವಾದುದು ಬೇಕೆಂದು, ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ಹಂದಿಮೀನಿನ ದವಡೆಯಿಂದ ಎಣ್ಣೆ ತೆಗೆಯುತ್ತಿದ್ದರು. ಗಡಿಯಾರದ ಒಂದು ಕೀಲಿಗೆ ಸೂಜಿಮೊನೆಯಷ್ಟು ಎಣ್ಣೆ ಸಾಕು. ಆದರೆ ಲೋಕದ ಗಿರಣಿಗಳಿಗೆಲ್ಲ ಎಣ್ಣೆ ಒದಗಿಸಬೇಕಾದಾಗ ತಿಮಿಂಗಿಲಗಳ ಹಿಂಡುಗಳೇ ಕರಗಿದುವು.

ಉಗಿಯಂತ್ರ ಬಂದ ಮೇಲೆ ಮತ್ತೊಂದು ಸಂಕಟ. ಅದರ ಉರುಳೆಯೊಳಗೆ ಪ್ರಾಣಿಗಳ ಕೊಬ್ಬನ್ನು ಹಾಕುವುದು ವಾಡಿಕೆ. ಬೆರಳಿಗೆ ಕೊಬ್ಬು ಬಹಳ ನುಣುಪು. ಆದರೆ ಬಿಸಿ ಉಗಿಯ ಸಂಗಡ ಸೇರಿದಾಗ ಕೊಬ್ಬು ಒಡೆದು ಆಮ್ಲವಾಗುತ್ತದೆ. ಯಾವ ಕಬ್ಬಿಣವನ್ನು ಕಾಯಲೆಂದು ಹಾಕಿದರೋ ಅದನ್ನೇ ತಿನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಇದರ ಜೊತೆಗೆ, ಎಣ್ಣೆ ಹಾಕಲು ಯಂತ್ರವನ್ನು ಆಗಾಗ ನಿಲ್ಲಿಸಬೇಕಾಗಿತ್ತು. ಈ ಎರಡನೆಯ ತೊಂದರೆಯನ್ನು ಕಳೆದವರಲ್ಲಿ ಎಲೈಜಾ ಮೆಕ್‌ಕಾಯ್ ಮುಖ್ಯನು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ತಂದೆತಾಯಿಗಳ ಮಗನಾದ ಈತ ಸ್ಕಾಟ್ಲೆಂಡಿನಲ್ಲಿ ಎಂಜಿನಿಯರಿಂಗ್ ಕಲಿತು ಬಂದರೂ, ಕರಿಯನೆಂಬ ಕಾರಣದಿಂದ ರೈಲ್ವೆಯಲ್ಲಿ ಸಿಕ್ಕಿದ ಕೆಲಸ ಕಲ್ಲಿದ್ದಲು ಹಾಕುವುದು, ಕೀಲುಗಳಿಗೆ ಎಣ್ಣೆ ಬಿಡುವುದು. ಆ ಕೆಲಸದಲ್ಲಿಯೇ ಇದ್ದುಕೊಂಡು, ಎಂಜಿನ್ ಓಡುತ್ತಿರುವಾಗಲೇ ತಾನಾಗಿ ಎಣ್ಣೆ ಉಣಿಸುವ ಬಟ್ಟಲೊಂದನ್ನು ರಚಿಸಿ 1872ರಲ್ಲಿ ಪೇಟೆಂಟು ಪಡೆದನು. ಅವನು ಪಡೆದ ಪೇಟೆಂಟುಗಳು ಐವತ್ತಕ್ಕೂ ಹೆಚ್ಚು. ಎಣ್ಣೆ ಎಷ್ಟು ಒಳ್ಳೆಯದಾದರೂ ಬೇಕಾದ ಹೊತ್ತಿಗೆ ಬೇಕಾದ ಕಡೆ ತಲುಪದಿದ್ದರೆ ವ್ಯರ್ಥ ಎಂಬುದು ಅವನು ಕಲಿಸಿದ ಪಾಠ.

ಮೊದಲನೆಯ ತೊಂದರೆಗೆ ಉತ್ತರ ನೆಲದೊಳಗಿನಿಂದ ಬಂದಿತು. 1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಬಳಿ ಡ್ರೇಕ್ ಎಂಬವನು ತೋಡಿಸಿದ ಬಾವಿಯಲ್ಲಿ ಸುಮಾರು 70 ಅಡಿ ಆಳದಲ್ಲಿ ಕಲ್ಲೆಣ್ಣೆ ದೊರೆಯಿತು. ಜನರಿಗೆ ಬೇಕಾಗಿದ್ದುದು ದೀಪದ ಸೀಮೆಎಣ್ಣೆ. ಅದನ್ನು ಬಟ್ಟಿಯಿಳಿಸಿದ ಮೇಲೆ ಉಳಿಯುವ ಮಂದವಾದ ಕರಿಯ ದ್ರವ ಯಾರಿಗೂ ಬೇಡವಾಗಿತ್ತು. ನ್ಯೂಯಾರ್ಕ್ ಸಂಸ್ಥಾನದ ಜಾನ್ ಎಲಿಸ್ ಎಂಬ ವೈದ್ಯನು ಕಲ್ಲೆಣ್ಣೆಯಲ್ಲಿ ಔಷಧಿಯ ಗುಣವಿರಬಹುದೆಂದು ಹುಡುಕಿ, ಔಷಧಿ ಕಾಣದೆ, ಉಗಿಯಂತ್ರಕ್ಕೆ ಒಪ್ಪುವ ಎಣ್ಣೆಯನ್ನು ಕಂಡನು. 1866ರಲ್ಲಿ ಅದರ ವ್ಯಾಪಾರಕ್ಕೆ ತೊಡಗಿದನು. ಮುಂದೆ ವಾಲ್ವೊಲೀನ್ ಎಂದು ಹೆಸರಾದುದು ಇದೇ. ಕಲ್ಲೆಣ್ಣೆ ಉಗಿಯಲ್ಲಿ ಕೊಬ್ಬಿನಂತೆ ಆಮ್ಲವಾಗದು. ಅಷ್ಟಾದರೂ ಹಳೆಯ ಮೇಸ್ತ್ರಿಗಳಿಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಭಾರತದ ರೈಲ್ವೆಗಳಲ್ಲಿಯೂ ಆ ಶತಮಾನದಲ್ಲಿ ಕೀಲಿಗೆ, ದೀಪಕ್ಕೆ ಹರಳೆಣ್ಣೆಯನ್ನು ಧಾರಾಳವಾಗಿ ಬಳಸುತ್ತಿದ್ದರು. ಅಗ್ಗವಾದ ಹೊಸ ಎಣ್ಣೆಯನ್ನು ನಂಬಿ ಅಚ್ಚು ಕಾದು ಮುರಿದರೆ ರೈಲೇ ಉರುಳುವುದು. ಹಾಗಾದರೆ ಯಾವುದನ್ನು ನಂಬಬೇಕು? ಬೆರಳಿಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ದೊರೆತುದು 1883ರಲ್ಲಿ. ಇಂಗ್ಲೆಂಡಿನ ಯಂತ್ರಶಿಲ್ಪಿಗಳ ಸಂಘವು ಘರ್ಷಣೆಯ ವಿಷಯವನ್ನು ಪರೀಕ್ಷಿಸಲು ಬೋಷಾಂ ಟವರ್ ಎಂಬವರನ್ನು ನೇಮಿಸಿದ್ದಿತು. ರೈಲುಗಾಡಿಯ ಅಚ್ಚಿನಂತೆ ಒಂದು ಉಕ್ಕಿನ ಅಚ್ಚನ್ನು ಕೆಳಗೆ ಎಣ್ಣೆಯ ತೊಟ್ಟಿಯಲ್ಲಿ ಅದ್ದಿ, ಮೇಲೆ ಹಿತ್ತಾಳೆಯ ಅರೆಬಳೆಯನ್ನು ಕೂರಿಸಿ, ಅದರ ಮೇಲೆ ಭಾರ ಹೇರಿ ತಿರುಗಿಸುತ್ತಿದ್ದರು. ವಾಡಿಕೆಯಂತೆ ಎಣ್ಣೆ ಬಿಡಲು ಅರೆಬಳೆಯ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಎಣ್ಣೆ ಒಳಗಿಳಿಯುವ ಬದಲು ಆ ರಂಧ್ರದಿಂದ ಮೇಲಕ್ಕೆ ಉಕ್ಕಿ ಹರಿಯಿತು! ಬಿರಡೆಯಿಂದ ಮುಚ್ಚಿದರು, ಬಿರಡೆ ಹೊರಕ್ಕೆ ಬಂದಿತು. ಮರದ ಗೂಟ ಬಡಿದರು. ಅದೂ ನಿಧಾನವಾಗಿ ಹೊರಕ್ಕೆ ಬಂದಿತು. ಕೊನೆಗೆ ಒತ್ತಡದ ಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನ ಗುರುತನ್ನೂ ದಾಟಿತು. ಹೇರಿದ್ದ ಭಾರದ ಸರಾಸರಿಯೋ ಚದರ ಅಂಗುಲಕ್ಕೆ 100 ಪೌಂಡು ಮಾತ್ರ.

ಈ ಸಣ್ಣ ಘಟನೆಯ ಅರ್ಥ ದೊಡ್ಡದು. ಅಚ್ಚು ಹಿತ್ತಾಳೆಯನ್ನು ಮುಟ್ಟುತ್ತಲೇ ಇರಲಿಲ್ಲ. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಕಿರಿದಾಗುವ ಸಂದಿಯೊಳಕ್ಕೆ ನುಗ್ಗಿಸುತ್ತದೆ. ಅಲ್ಲಿ ಬೆಣೆಯಂತೆ ಸಿಕ್ಕಿದ ಎಣ್ಣೆಯ ಪೊರೆಯೇ ಇಡೀ ಭಾರವನ್ನು ಎತ್ತಿ ಹಿಡಿಯುತ್ತದೆ. ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದನ್ನು ಗಣಿತದಿಂದ ವಿವರಿಸಿದನು. ಅದೇ 1883ರಲ್ಲಿ ರಷ್ಯದ ನಿಕೊಲಾಯ್ ಪೆಟ್ರೋವ್, ದುಬಾರಿಯಾದ ಪ್ರಾಣಿಜನ್ಯ, ಸಸ್ಯಜನ್ಯ ಎಣ್ಣೆಗಳ ಬದಲು ಕಾಕಸಸ್ ಪ್ರಾಂತದ ಕಲ್ಲೆಣ್ಣೆಯನ್ನು ರೈಲ್ವೆಗೆ ಬಳಸಬಹುದೇ ಎಂದು ವಿಚಾರಿಸುತ್ತ, ಘರ್ಷಣೆಯನ್ನು ನಿರ್ಧರಿಸುವ ಗುಣ ಎಣ್ಣೆಯ ಸ್ನಿಗ್ಧತೆ ಎಂಬ ತೀರ್ಮಾನಕ್ಕೆ ಬಂದನು. ಸ್ನಿಗ್ಧತೆ ಎಂದರೆ ಹರಿವಿಗೆ ದ್ರವವು ಒಡ್ಡುವ ತಡೆ. ಜೇನು ನಿಧಾನವಾಗಿ ಇಳಿಯುವುದು, ನೀರು ಥಟ್ಟನೆ ಇಳಿಯುವುದು ಈ ಗುಣದ ವ್ಯತ್ಯಾಸದಿಂದಲೇ. ಎಣ್ಣೆಯ ಊರು, ಜಾತಿ, ಬಣ್ಣಗಳನ್ನು ಕೇಳುತ್ತಿದ್ದವರು ಇನ್ನು ಮುಂದೆ ಅದರ ಹರಿವನ್ನು ಕೇಳತೊಡಗಿದರು.

ಹರಿವನ್ನು ಅಳೆಯುವ ಉಪಾಯವೂ ಸರಳವೇ. ಇಂಗ್ಲೆಂಡಿನ ರೆಡ್‌ವುಡ್, ಜರ್ಮನಿಯ ಎಂಗ್ಲರ್, ಅಮೆರಿಕದ ಸೇಬೋಲ್ಟ್ ಇವರ ಉಪಕರಣಗಳು ತತ್ತ್ವದಲ್ಲಿ ನಮ್ಮ ಪುರಾತನ ಘಟಿಕಾಪಾತ್ರೆಯ ನೆಂಟರು: ನಿಯತವಾದ ಉಷ್ಣತೆಯಲ್ಲಿ ನಿಯತವಾದಷ್ಟು ಎಣ್ಣೆ ಒಂದು ಸಣ್ಣ ರಂಧ್ರದಿಂದ ಇಳಿಯಲು ಎಷ್ಟು ಸೆಕೆಂಡು ಹಿಡಿಯುವುದೆಂದು ಎಣಿಸುವುದು. 1911ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಣ್ಣೆಗಳಿಗೆ ಸ್ನಿಗ್ಧತೆಯ ದರ್ಜೆಗಳನ್ನು ಗೊತ್ತುಮಾಡಿತು. ಡಬ್ಬಿಗಳ ಮೇಲೆ ಕಾಣುವ ‘ಎಸ್.ಎ.ಇ.’ ಎಂಬ ಅಕ್ಷರಗಳು ಆ ಸಂಘದ ಹೆಸರಿನವು. ಆದರೆ ಒಂದು ತೊಡಕು ಉಳಿದಿದ್ದಿತು. ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಡ್ಡೆಕಟ್ಟಿರುವುದನ್ನೂ, ಬೇಸಗೆಯಲ್ಲಿ ನೀರಿನಂತೆ ಹರಿಯುವುದನ್ನೂ ನಾವೆಲ್ಲ ಬಲ್ಲೆವು. ಎಲ್ಲ ಎಣ್ಣೆಯೂ ಬಿಸಿಗೆ ತೆಳುವಾಗುತ್ತದೆ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬವರು, ಬಿಸಿಗೆ ಕಡಿಮೆ ಬದಲಾಗುವ ಪೆನ್ಸಿಲ್ವೇನಿಯದ ಎಣ್ಣೆಗೆ 100 ಅಂಕ, ಹೆಚ್ಚು ಬದಲಾಗುವ ಗಲ್ಫ್ ತೀರದ ಎಣ್ಣೆಗೆ ಸೊನ್ನೆ ಕೊಟ್ಟು, ಉಳಿದವನ್ನು ಅವುಗಳೊಡನೆ ಹೋಲಿಸುವ ಕ್ರಮವನ್ನು ತಂದರು. ಪರೀಕ್ಷೆಯ ಅಂಕಗಳನ್ನು ಕೊಡುವ ಉಪಾಧ್ಯಾಯವೃತ್ತಿಯ ನಮಗೆ ಈ ಕ್ರಮ ಅಪರಿಚಿತವಲ್ಲ!

ಹಾಗೆಂದು ಬೆರಳು ಪೂರಾ ಸೋಲಲಿಲ್ಲ. ನಿಧಾನವಾಗಿ ತಿರುಗುವ, ಭಾರ ಹೆಚ್ಚಿದ ಕಡೆಗಳಲ್ಲಿ ಎಣ್ಣೆಯ ಬೆಣೆ ಏಳುವುದಿಲ್ಲ. ಲೋಹಕ್ಕೆ ಅಂಟಿದ ಅತಿ ತೆಳುವಾದ ಲೇಪವೇ ಗತಿ. ಅಲ್ಲಿ ಒಂದೇ ಸ್ನಿಗ್ಧತೆಯ ಎರಡು ಎಣ್ಣೆಗಳಲ್ಲಿ ಹಳೆಯ ಬೀಜದೆಣ್ಣೆಯೇ ಕಲ್ಲೆಣ್ಣೆಗಿಂತ ಮೇಲೆಂದು ಮೇಸ್ತ್ರಿಗಳು ಹೇಳುತ್ತಿದ್ದುದು ನಿಜವಾಗಿತ್ತು. ಅದರ ಆಮ್ಲದ ಕಣಗಳು ಲೋಹವನ್ನು ಬಿಗಿಯಾಗಿ ಹಿಡಿಯುತ್ತವೆ. ಕಲ್ಲೆಣ್ಣೆಗೆ ಅಂಥ ಆಮ್ಲವನ್ನು ಅತ್ಯಲ್ಪವಾಗಿ ಬೆರೆಸಿದರೆ ಎರಡರ ಗುಣವೂ ಬರುವುದೆಂದು 1920ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಂಡುಕೊಂಡರು. ಇಂದಿನ ಎಣ್ಣೆಗಳಲ್ಲಿ ಬೆರೆಸುವ ನಾನಾ ಮದ್ದುಗಳ ವಂಶಕ್ಕೆ ಇದು ಮೂಲಪುರುಷನೆನ್ನಬಹುದು. ನಮ್ಮ ಹರಳೆಣ್ಣೆಯಂತೂ ಆಕಾಶಕ್ಕೇ ಏರಿತು. ಮೊದಲನೆಯ ಮಹಾಯುದ್ಧದ ಹಲವು ವಿಮಾನಗಳಲ್ಲಿ ಎಂಜಿನ್ನೇ ಗಿರಗಿರನೆ ತಿರುಗುತ್ತಿದ್ದಿತು. ಅದರ ಒಡಲಿನ ಮೂಲಕವೇ ಪೆಟ್ರೋಲು ಹಾಯುತ್ತಿದ್ದುದರಿಂದ ಕಲ್ಲೆಣ್ಣೆ ಅದರಲ್ಲಿ ಕರಗಿಹೋಗುತ್ತಿತ್ತು. ಹರಳೆಣ್ಣೆ ಹಾಗೆ ಕರಗದು. ಆದರೆ ಉರಿದು ಹೊರಬಿದ್ದ ಎಣ್ಣೆಯ ಹೊಗೆಯನ್ನು ಕುಡಿದ ವಿಮಾನಚಾಲಕರಿಗೆ ಹರಳೆಣ್ಣೆಯ ಮನೆಮದ್ದಿನ ಗುಣವೂ ಅನುಭವಕ್ಕೆ ಬರುತ್ತಿದ್ದಿತಂತೆ! 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿ ತನ್ನ ಹೊಸ ಎಣ್ಣೆಗೆ ಇಟ್ಟ ‘ಕ್ಯಾಸ್ಟ್ರಾಲ್’ ಎಂಬ ಹೆಸರಿನಲ್ಲಿಯೂ ಹರಳೆಣ್ಣೆಯ ಇಂಗ್ಲಿಷ್ ಹೆಸರು ಅಡಗಿದೆ.

ಈ ಮದ್ದುಗಳ ವಿದ್ಯೆಯೇ ಕೊನೆಗೆ ತಿಮಿಂಗಿಲಕ್ಕೂ ಬಿಡುಗಡೆ ತಂದಿತು. ಇಪ್ಪತ್ತನೆಯ ಶತಮಾನದಲ್ಲಿಯೂ ಮೋಟಾರುಗಾಡಿಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಯುತ್ತಿದ್ದಿತು. 1970ರಲ್ಲಿ ಅಮೆರಿಕ ಅದರ ಆಮದನ್ನು ನಿಷೇಧಿಸಿತು. ಬದಲಿ ಸಿಗದೆಂದು ಆತಂಕಪಟ್ಟವರಿದ್ದರು. ಆದರೆ ರಸಾಯನಜ್ಞರು ಮಾಡಿದ ಮದ್ದುಗಳೂ, ಹೊಹೊಬಾ ಎಂಬ ಮರುಭೂಮಿಯ ಗಿಡದ ಬೀಜದೆಣ್ಣೆಯೂ ಆ ಸ್ಥಾನಕ್ಕೆ ಬಂದುವು. ಎಣ್ಣೆಯ ಗುಣ ಯಾವುದರಲ್ಲಿದೆ ಎಂದು ಅಳೆದು ತಿಳಿದುದರಿಂದಲೇ ಆ ಗುಣವನ್ನು ಬೇರೆಡೆ ಹುಡುಕುವುದು ಸಾಧ್ಯವಾಯಿತು. ಬರಿಯ ಬೆರಳನ್ನು ನಂಬಿದ್ದರೆ ತಿಮಿಂಗಿಲ ಉಳಿಯುತ್ತಿರಲಿಲ್ಲ.

ಹೊಸ ಎಣ್ಣೆಯ ಪರೀಕ್ಷೆಯಷ್ಟೇ ಹಳೆಯ ಎಣ್ಣೆಯ ಪರೀಕ್ಷೆಯೂ ಮುಖ್ಯವೆಂದು ತಿಳಿದುದು 1940ರ ದಶಕದಲ್ಲಿ. ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರ್ಯಾಂಡ್ ರೈಲ್ವೆಯವರು ಡೀಸೆಲ್ ಎಂಜಿನ್ನುಗಳ ಬಳಸಿದ ಎಣ್ಣೆಯನ್ನು ಸುಟ್ಟು, ಅದರ ಬೆಳಕಿನ ವರ್ಣಪಟಲದಲ್ಲಿ ಯಾವ ಲೋಹ ಎಷ್ಟಿದೆಯೆಂದು ನೋಡತೊಡಗಿದರು. ತಾಮ್ರ ಹೆಚ್ಚಿದರೆ ಬೇರಿಂಗು ಸವೆಯುತ್ತಿದೆ. ಕಬ್ಬಿಣ ಹೆಚ್ಚಿದರೆ ಉರುಳೆಯೋ ಹಲ್ಲುಚಕ್ರವೋ ಸವೆಯುತ್ತಿದೆ. ವೈದ್ಯರು ರಕ್ತಪರೀಕ್ಷೆಯಿಂದ ರೋಗ ತಿಳಿದಂತೆ, ಯಂತ್ರವನ್ನು ಬಿಚ್ಚದೆಯೇ ಅದರ ಆರೋಗ್ಯವನ್ನು ತಿಳಿಯುವ ಕ್ರಮವಿದು. 1966ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಜೋಸ್ಟ್ ಅವರ ಸಮಿತಿ, ಉಜ್ಜಾಟ ಸವೆತಗಳ ಬಗ್ಗೆ ಎಚ್ಚರ ವಹಿಸಿದರೆ ಆ ದೇಶಕ್ಕೆ ವರ್ಷಕ್ಕೆ 51 ಕೋಟಿ 50 ಲಕ್ಷ ಪೌಂಡು ಉಳಿಯುವುದೆಂದು ಲೆಕ್ಕ ಹಾಕಿತು. ಉಜ್ಜುವಿಕೆ ಎಂಬರ್ಥದ ಗ್ರೀಕ್ ಮಾತಿನಿಂದ ‘ಟ್ರೈಬಾಲಜಿ’ ಎಂಬ ಹೆಸರು ಈ ಶಾಸ್ತ್ರಕ್ಕೆ ಬಂದುದು ಆಗಲೇ.

ಇಷ್ಟು ಚರಿತ್ರೆಯಿಂದ ಮನೆವಂದಿಗರಾದ ನಮಗೇನು ಪ್ರಯೋಜನ? ಇದೆ. ಹೊಲಿಗೆಯ ಯಂತ್ರಕ್ಕೆ, ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ಹಲವು ಮನೆಗಳ ರೂಢಿ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗುವ ಎಣ್ಣೆ. ಧೂಳನ್ನು ಹಿಡಿದು ಅಂಟಾಗುವ ಎಣ್ಣೆ. ಹೊಲಿಗೆ ಯಂತ್ರಕ್ಕೆಂದೇ ಮಾರುವ ತೆಳುವಾದ ಕಲ್ಲೆಣ್ಣೆಯ ಎರಡು ತೊಟ್ಟು ಅದಕ್ಕಿಂತ ಲೇಸು. ‘ಮಂದವಾದಷ್ಟೂ ಒಳ್ಳೆಯದು’ ಎಂಬುದೂ ಭ್ರಮೆಯೇ; ವೇಗದ ಕೀಲಿಗೆ ತೆಳುವು, ಭಾರದ ಕೀಲಿಗೆ ಮಂದ ಎಂಬುದು ಸ್ಥೂಲವಾದ ಸೂತ್ರ. ಮೋಟಾರು ಸೈಕಲ್ಲಿನ ಡಬ್ಬಿಯ ಮೇಲೆ 20ಡಬ್ಲ್ಯು-40 ಎಂದಿದ್ದರೆ, ಡಬ್ಲ್ಯು ಅಕ್ಷರದೊಡನಿರುವ ಮೊದಲ ಅಂಕಿ ಚಳಿಯಲ್ಲಿನ ನಡತೆಯನ್ನೂ, ಎರಡನೆಯದು ಕಾದಾಗಿನ ಮಂದತೆಯನ್ನೂ ಹೇಳುತ್ತದೆ. ಕಾರಿನ ಎಣ್ಣೆ ಒಳ್ಳೆಯದೆಂದು ಮೋಟಾರು ಸೈಕಲ್ಲಿಗೆ ಹಾಕಿದರೆ, ಅತಿ ನುಣುಪಾಗಿ ಕ್ಲಚ್ಚೇ ಜಾರಬಹುದು. ಎಣ್ಣೆ ಕಪ್ಪಾಯಿತೆಂದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮಸಿಯನ್ನು ತೊಳೆದು ತನ್ನೊಳಗೆ ಹೊತ್ತಿರುವುದು ಅದರ ಕರ್ತವ್ಯಗಳಲ್ಲೊಂದು. ಆದರೆ ಹಾಲಿನಂತೆ ಬಿಳಿಚಿಕೊಂಡರೆ ನೀರು ಸೇರಿದೆಯೆಂದು ತಿಳಿದು ಕೂಡಲೆ ತೋರಿಸಬೇಕು. ಯಂತ್ರ ಮಾಡಿದವರು ಕೊಟ್ಟ ಪುಸ್ತಕದಲ್ಲಿ ದರ್ಜೆಯೂ, ಬದಲಾಯಿಸಬೇಕಾದ ಅವಧಿಯೂ ಅಚ್ಚಾಗಿರುತ್ತವೆ. ಅಂಗಡಿಯವನ ಮಾತಿಗಿಂತ ಆ ಪುಟ ಹೆಚ್ಚು ನಂಬಿಕೆಗೆ ಅರ್ಹ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ನಮ್ಮಲ್ಲಿದೆ. ಬಹು ಎಚ್ಚರದಿಂದ ನೋಡುವುದಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು ಎಂಬ ಮಾತೂ ಇದೆ. ಯಂತ್ರಗಳ ನಡುವೆ ಬಾಳುವ ನಮಗೆ ಮೊದಲನೆಯದು ಎಚ್ಚರಿಕೆ, ಎರಡನೆಯದು ವಿಧಿ. ಕೀಲಿಗೆ ಎಣ್ಣೆ ಬಿಡುವ ಮೊದಲು ಕಣ್ಣಿಗೆ ಬಿಟ್ಟುಕೊಳ್ಳೋಣ.